ಲಸಿಕೆಯ ಬಲ, ಅನ್ನದ ಬಲ

ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ಹತ್ತು ಬಗೆಗಳಿಂದ ಮಕ್ಕಳನ್ನು ಕಾಯುವ 'ನ್ಯುಮೋಸಿಲ್' ಲಸಿಕೆಯನ್ನು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ 2020ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿತು. 2021ರಲ್ಲಿ ನ್ಯುಮೋಕಾಕಸ್ ಲಸಿಕೆ ಸರ್ಕಾರದ ಉಚಿತ ಲಸಿಕಾ ಕಾರ್ಯಕ್ರಮದ ಮೂಲಕ ದೇಶದಾದ್ಯಂತ ದೊರೆಯುವಂತಾಯಿತು. ಇನ್ನು ನ್ಯುಮೋನಿಯಾದ ಚಿಂತೆ ಬೇಡವೇ? ಹಾಗೆನ್ನಲಾಗದು. ಈ ಬ್ಯಾಕ್ಟೀರಿಯಾದಲ್ಲಿ ತೊಂಬತ್ತಕ್ಕೂ ಹೆಚ್ಚು ಬಗೆಗಳಿವೆ. ಆರ್‌ಎಸ್‌ವಿಯಂಥ ವೈರಸ್‌ಗಳಿಂದಲೂ ನ್ಯುಮೋನಿಯಾ ಬರುತ್ತದೆ. ಸೋಂಕು ತಗುಲಿದ ಮಗು ಚೇತರಿಸಿಕೊಳ್ಳುತ್ತದೆಯೇ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದರ ಪೋಷಣೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಮಹಾರಾಷ್ಟ್ರದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 36ರಷ್ಟು ಕಡಿಮೆ ತೂಕದವರು, ಕರ್ನಾಟಕದಲ್ಲಿ ಶೇ. 33.

ಆಹಾರ ಸಾಲದಾಗ ರೋಗನಿರೋಧಕ ಕಣಗಳನ್ನು ಪಳಗಿಸುವ ಥೈಮಸ್ ಗ್ರಂಥಿ ಕುಗ್ಗುತ್ತದೆ. ಸೋಂಕನ್ನು ಉಸಿರಿನ ದಾರಿಯಲ್ಲೇ ತಡೆಯುವ ರಕ್ಷಣೆ ಸಡಿಲಗೊಳ್ಳುತ್ತದೆ. ಉಸಿರಾಟದ ಸ್ನಾಯುಗಳು ಸೊರಗಿರುವುದರಿಂದ ಕೆಮ್ಮಿ ಕಫ ಹೊರಹಾಕಲೂ ಮಗುವಿಗೆ ತ್ರಾಣವಿರುವುದಿಲ್ಲ. ಎರಡರಿಂದ ಹನ್ನೊಂದು ತಿಂಗಳ ಮಗು ನಿಮಿಷಕ್ಕೆ 50 ಅಥವಾ ಹೆಚ್ಚು ಬಾರಿ, ಒಂದರಿಂದ ಐದು ವರ್ಷದ ಮಗು 40 ಅಥವಾ ಹೆಚ್ಚು ಬಾರಿ ಉಸಿರಾಡಿದರೆ ನ್ಯುಮೋನಿಯಾ ಎಂದು ಶಂಕಿಸಬೇಕು. ಆದರೆ ತೀರಾ ಸೊರಗಿದ ಮಗುವಿನಲ್ಲಿ ಜ್ವರವಾಗಲಿ ಏದುಸಿರಾಗಲಿ ಕಾಣಿಸದೆಯೂ ಇರಬಹುದು. ಹೀಗಾಗಿ ರೋಗ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ.

ಅಪೌಷ್ಟಿಕತೆ, ನ್ಯುಮೋನಿಯಾ ಎರಡಕ್ಕೂ ಬಡತನವೇ ಮೂಲ, ಒಲೆಯ ಹೊಗೆ ಮತ್ತು ಇಕ್ಕಟ್ಟಿನ ಮನೆಯಿಂದ ಬರುವ ಕಾಯಿಲೆಯನ್ನು ಅಪೌಷ್ಟಿಕತೆಯ ತಲೆಗೆ ಕಟ್ಟುವುದೇಕೆ ಎಂದು ಕೇಳಬಹುದು. ಹೊಗೆಯೂ ಇಕ್ಕಟ್ಟೂ ಕಾರಣಗಳೇ, ಸಂದೇಹವಿಲ್ಲ. ಆದರೆ ತೂಕ ಕುಸಿದಷ್ಟೂ ಸಾವಿನ ಅಪಾಯ ಮೆಟ್ಟಿಲುಮೆಟ್ಟಿಲಾಗಿ ಏರುವುದನ್ನು ಹಲವು ದೇಶಗಳ ಅಧ್ಯಯನಗಳು ಕಂಡಿವೆ. ದೇಹದೊಳಗಿನ ಕಾರಣಗಳೂ ಅದಕ್ಕೆ ಹೊಂದುತ್ತವೆ. ನಂಟು ಎರಡು ದಿಕ್ಕಿನದು: ನ್ಯುಮೋನಿಯಾ ಬಂದ ಮಗು ಊಟ ಬಿಡುತ್ತದೆ, ಜ್ವರ ಇದ್ದ ಶಕ್ತಿಯನ್ನೂ ಹೀರುತ್ತದೆ, ಇಳಿದ ತೂಕ ಮುಂದಿನ ಸೋಂಕಿಗೆ ದಾರಿ ಮಾಡುತ್ತದೆ.

ಹಾಗಾದರೆ ಪಡಿತರದ ಅಕ್ಕಿ, ಗೋಧಿ ಹೆಚ್ಚಿಸಿದರೆ ಸಾಕೇ? ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು 1993ರಲ್ಲಿ ಸಮೀಪದ ಆರು ಹಳ್ಳಿಗಳಲ್ಲಿ ಗರ್ಭಿಣಿಯರ ಆಹಾರದ ಅಧ್ಯಯನ ಆರಂಭಿಸಿದರು. ಶಿಶುವಿನ ಗಾತ್ರಕ್ಕೆ ಸ್ಪಷ್ಟ ನಂಟು ಕಂಡದ್ದು ತಾಯಿ ತಿಂದ ಒಟ್ಟು ಕ್ಯಾಲೊರಿಗಿಂತ ಹಾಲು, ಸೊಪ್ಪು, ಹಣ್ಣುಗಳೊಂದಿಗೆ. ಕಡಿಮೆ ತೂಕದಲ್ಲಿ ಹುಟ್ಟಿದ ಕೂಸಿಗೆ ನ್ಯುಮೋನಿಯಾದ ಅಪಾಯ ಹೆಚ್ಚು. ಆದ್ದರಿಂದ ತಡೆಯುವ ಕೆಲಸ ಬಸಿರಿನಲ್ಲೇ ಶುರುವಾಗಬೇಕು, ಆರು ತಿಂಗಳು ಬರೀ ಎದೆಹಾಲು, ನಂತರ ಬೇಳೆ, ಮೊಟ್ಟೆ, ತರಕಾರಿ ಸೇರಿದ ಊಟವಾಗಿ ಮುಂದುವರಿಯಬೇಕು. ನ್ಯುಮೋನಿಯಾ ವಾಸಿಯಾಗಿ ಮನೆಗೆ ಮರಳುವ ಮಗುವಿನ ತೂಕ ಅಂಗನವಾಡಿಗೆ ತಿಳಿಯಬೇಕು. ಕಳೆದುಕೊಂಡ ತೂಕ ಮರಳುವವರೆಗೆ ಚಿಕಿತ್ಸೆ ಮುಗಿದಿಲ್ಲ.