ಕಣ್ಣಿಗೆ ಕಟ್ಟಿದ ಹಾಡು



ಹಾಡು ಕಿವಿಗೆ ಸೇರಿದ್ದು. ಆದರೂ ಕೆಲವು ಹಾಡುಗಳನ್ನು ನೆನೆದಾಗ ಮೊದಲು ಎದುರಿಗೆ ಬಂದು ನಿಲ್ಲುವುದು ರಾಗವಲ್ಲ, ಒಂದು ಚಿತ್ರ. ಸಾವಿರ ಹಾಡುಗಳನ್ನು ನೋಡುತ್ತೇವೆ, ಮರೆಯುತ್ತೇವೆ. ನಾಲ್ಕಾರು ಮಾತ್ರ ಏಕೆ ಕಣ್ಣಿನಲ್ಲಿ ಉಳಿಯುತ್ತವೆ?

ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಕನ್ನಡಿಗರಾದ ನಮಗೆ ಈ ಪ್ರಶ್ನೆ ತೀರ ಹತ್ತಿರದ್ದು. ನಮ್ಮಲ್ಲಿ ಅನೇಕರಿಗೆ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಬಜಾರಿಗೆ ಹೋದರೆ ಉರ್ದು. ಒಂದು ಕಾಲಕ್ಕೆ ದೂರದರ್ಶನದಲ್ಲಿ ಹಿಂದಿಯ ‘ಚಿತ್ರಹಾರ್’, ತೆಲುಗಿನ ‘ಚಿತ್ರಲಹರಿ’, ಕನ್ನಡದ ‘ಚಿತ್ರಮಂಜರಿ’ ಇದ್ದವು. ಇಂದು ಅಂಗೈಯಲ್ಲಿರುವ ಮೊಬೈಲಿನಲ್ಲಿ ಎಲ್ಲ ಭಾಷೆಯ ಹಾಡುಗಳೂ ಬರುತ್ತವೆ. ಮಾತು ಅರ್ಧ ತಿಳಿದ ಹಾಡನ್ನೂ ನಾವು ಮೆಚ್ಚಿ ನೋಡುತ್ತೇವೆ. ಮಾತು ಕೈಬಿಟ್ಟಲ್ಲಿ ಚಿತ್ರ ಕೈಹಿಡಿದು ನಡೆಸುತ್ತದೆ.

ಇದಕ್ಕೆ ಒಂದು ಹಳೆಯ ನಿದರ್ಶನವೂ ಇದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ನಮ್ಮ ದೇಶದಲ್ಲಿ ಉಪಗ್ರಹ ದೂರದರ್ಶನದ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಟಿ.ವಿ. ಪೆಟ್ಟಿಗೆಗಳನ್ನು ಇಡಲಾಗಿತ್ತು. ಕರ್ನಾಟಕದ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ, ಅಂದಿನ ಆಂಧ್ರಪ್ರದೇಶದ ಹಳ್ಳಿಗಳೂ ಅದರಲ್ಲಿ ಸೇರಿದ್ದವು. ಉಪಗ್ರಹದಿಂದ ಒಂದು ಚಿತ್ರದ ಜೊತೆ ಎರಡು ಧ್ವನಿಗಳನ್ನು ಕಳುಹಿಸಬಹುದಾಗಿತ್ತು. ಹೀಗಾಗಿ ಅದೇ ಚಿತ್ರವನ್ನು ಗಡಿಯ ಒಂದು ಕಡೆ ತೆಲುಗಿನಲ್ಲಿ, ಇನ್ನೊಂದು ಕಡೆ ಕನ್ನಡದಲ್ಲಿ ಕೇಳುತ್ತ ನೋಡುವುದು ಸಾಧ್ಯವಾಯಿತು.

ಈಗ ಹಾಡುಗಳಿಗೆ ಬರೋಣ. ಹಾಡು ಕಣ್ಣಿನಲ್ಲಿ ಉಳಿಯಬೇಕಾದರೆ ಅದರಲ್ಲಿ ಏನಾದರೊಂದು ಕೆಲಸ ನಡೆಯುತ್ತಿರಬೇಕು. ಪುಟ್ಟಣ್ಣ ಕಣಗಾಲರ ‘ನಾಗರಹಾವು’ 1972ರಲ್ಲಿ ತೆರೆಗೆ ಬಂತು. ಅದರಲ್ಲಿನ ಒನಕೆ ಓಬವ್ವನ ಹಾಡನ್ನು ನೆನಪಿಸಿಕೊಳ್ಳಿ. ಹಾಡಿದವರು ಪಿ.ಬಿ. ಶ್ರೀನಿವಾಸ್, ತೆರೆಯ ಮೇಲೆ ಓಬವ್ವನಾದವರು ಜಯಂತಿ. ಓಬವ್ವ ಹಾಡುವುದಿಲ್ಲ, ಹಾಡು ಅವಳ ಕಥೆ ಹೇಳುತ್ತದೆ. ಆದ್ದರಿಂದ ತುಟಿ ಆಡಿಸುವ ಹಂಗು ಅವಳಿಗಿಲ್ಲ. ಕಿಂಡಿಯಲ್ಲಿ ತಲೆ ತೂರಿಸಿದ ಶತ್ರುವಿನ ಮೇಲೆ ಒನಕೆ ಎತ್ತುವುದೇ ಅವಳ ಕೆಲಸ. ಚಿತ್ರದುರ್ಗದ ಕೋಟೆಯ ಬಂಡೆಗಳು ಆ ಕಥೆಗೆ ಸಾಕ್ಷಿಯಾಗಿ ನಿಲ್ಲುತ್ತವೆ. ಧ್ವನಿ ನಿಲ್ಲಿಸಿ ನೋಡಿದರೂ ಕಥೆ ತಿಳಿಯುತ್ತದೆ. ಹೊರನಾಡಿನ ಹಾಡುಗಳಿಗೂ ಈ ಮಾತು ಒಪ್ಪುತ್ತದೆ. 1983ರಲ್ಲಿ ಬಂದ ಮೈಕೇಲ್ ಜಾಕ್ಸನ್‌ನ ‘ಥ್ರಿಲ್ಲರ್’ ವೀಡಿಯೊದಲ್ಲಿ ಗೋರಿಯಿಂದೆದ್ದ ಹೆಣಗಳು ಕುಣಿಯುತ್ತವೆ. ಅದನ್ನು ನೆನಪಿಡಲು ಇಂಗ್ಲಿಷ್ ಬೇಕಾಗಿಲ್ಲ.

ಚಲನೆಯ ವೇಗವೂ ಮುಖ್ಯ. ಅದೇ ‘ನಾಗರಹಾವು’ ಚಿತ್ರದ ಒಂದು ಪ್ರೇಮಗೀತೆಯಲ್ಲಿ ವಿಷ್ಣುವರ್ಧನ್ ಮತ್ತು ಆರತಿ ನೀರಿನಲ್ಲಿ ತೇಲಿದಂತೆ ಚಲಿಸುತ್ತಾರೆ. ಇದು ನಿಧಾನಗತಿಯ ಚಿತ್ರಣ. ಸಾಮಾನ್ಯವಾಗಿ ಸಿನಿಮಾ ಕ್ಯಾಮೆರಾ ಸೆಕೆಂಡಿಗೆ 24 ಚಿತ್ರಗಳನ್ನು ಹಿಡಿಯುತ್ತದೆ. 48 ಹಿಡಿದು, ತೆರೆಯ ಮೇಲೆ 24ರಂತೆ ತೋರಿಸಿದರೆ ಒಂದು ಸೆಕೆಂಡಿನ ಓಟ ಎರಡು ಸೆಕೆಂಡಿನದಾಗುತ್ತದೆ. ಹೀಗೆ ತೆಗೆಯುವಾಗ ನಟರ ತುಟಿಯೂ ಹಾಡಿಗೆ ಹೊಂದಬೇಕೆಂದರೆ, ಚಿತ್ರೀಕರಣದ ಜಾಗದಲ್ಲಿ ಹಾಡನ್ನು ಎರಡರಷ್ಟು ವೇಗದಲ್ಲಿ ನುಡಿಸಬೇಕು. ಕಣ್ಣು ಪ್ರತಿದಿನ ಕಾಣದ ಚಲನೆಯನ್ನು ಕಂಡದ್ದರಿಂದಲೇ ಮನಸ್ಸು ಅದನ್ನು ಬಿಡುವುದಿಲ್ಲ.

ಇನ್ನು ಸ್ಥಳ. 1988ರ ಆಗಸ್ಟ್ 15ರಂದು ದೂರದರ್ಶನ ‘ಮಿಲೆ ಸುರ್’ ಗೀತೆಯನ್ನು ಬಿತ್ತರಿಸಿತು. ನಮ್ಮ ಗದಗಿನ ಮಣ್ಣಿನವರಾದ ಪಂಡಿತ ಭೀಮಸೇನ ಜೋಶಿಯವರು ಜಲಪಾತದ ಎದುರು ಅದನ್ನು ಆರಂಭಿಸುತ್ತಾರೆ. ಮುಂದೆ ಒಂದೇ ಭಾವ ಭಾಷೆಯಿಂದ ಭಾಷೆಗೆ ಸಾಗುತ್ತದೆ, ಭಾಷೆ ಬದಲಾದಂತೆ ನೆಲವೂ ಬದಲಾಗುತ್ತದೆ. ಕಲ್ಕತ್ತೆಯ ಮೆಟ್ರೋ ಬರುತ್ತದೆ, ಆನೆಯ ಮೇಲೆ ಮಾವುತ ಬರುತ್ತಾನೆ. ಕನ್ನಡದ ಸರದಿಯೂ ಬರುತ್ತದೆ. ಕೆಲವೇ ಕ್ಷಣಗಳಷ್ಟಾದರೂ, ಇಡೀ ದೇಶ ನೋಡುವ ಪರದೆಯ ಮೇಲೆ ಮನೆಮಾತು ಕೇಳಿಬಂದರೆ ಗಡಿನಾಡಿನವರ ಕಿವಿ ನೆಟ್ಟಗಾಗದೆ ಇರುತ್ತದೆಯೇ? 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ಯ ಹಾಡುಗಳಲ್ಲಿ ಮಲೆನಾಡಿನ ಮಳೆಯೇ ಒಂದು ಪಾತ್ರವಾಯಿತು. ತೊಗರಿ, ಜೋಳ ಬಿತ್ತಿ ಮುಗಿಲು ನೋಡುವ ನಮಗೆ ಅಂಥ ಹಸಿರು ಕಣ್ಣು ತಣಿಸುವ ನೋಟವೇ.

ಬಣ್ಣ, ಬೆಳಕು ಬೇಡವೇ ಎಂದು ನೀವು ಕೇಳಬಹುದು. ಬೇಕು. 1987ರಲ್ಲಿ ರವಿಚಂದ್ರನ್ ಅವರ ‘ಪ್ರೇಮಲೋಕ’ ಬಣ್ಣದ ಬೆಳಕು, ಬೈಕು ಮತ್ತು ಹಂಸಲೇಖ ಅವರ ಹಾಡುಗಳಿಂದ ಕನ್ನಡ ತೆರೆಗೆ ಹೊಸ ಕಳೆ ತಂದಿತು. ಅಲ್ಲಿ ಬಣ್ಣ ಹಾಡಿನ ಹರೆಯಕ್ಕೆ ಹೊಂದಿತ್ತು. ಹಾಡಿಗೆ ಹೊಂದದ ಬಣ್ಣ ಜಾತ್ರೆಯ ಗಿಲೀಟಿನಂತೆ, ಮನೆಗೆ ಬರುವಷ್ಟರಲ್ಲಿ ಮಾಸುತ್ತದೆ.

ಇಷ್ಟು ವಿವರಿಸಿದ್ದಕ್ಕೆ ಒಂದು ಕಾರಣವಿದೆ. ನಮ್ಮ ಅನೇಕ ಮಕ್ಕಳಿಗೆ ಶಾಲೆಯಲ್ಲಿ ಕನ್ನಡ ಅಕ್ಷರ ಸಿಗುತ್ತಿಲ್ಲ. ಅವರಿಗೆ ಸಿಗುವ ಕನ್ನಡ ಮನೆಯ ಮಾತು ಮತ್ತು ಇಂಥ ಹಾಡು, ಎರಡೇ. ಓಬವ್ವನ ಹಾಡು ನೋಡಿದ ಮಗು, “ಆಕೆಯ ಕೈಯಲ್ಲಿರುವುದು ಏನು?” ಎಂದು ಕೇಳಿದರೆ ಸುಮ್ಮನಾಗಬೇಡಿ. “ಅದು ಒನಕೆ, ನಮ್ಮ ಕಡೆ ಒನಕಿ ಅಂತೀವಿ” ಎಂದು ಹೇಳಿ. ಒನಕೆ, ಕಿಂಡಿ, ಬುರುಜು, ಕಾವಲು—ಒಂದು ಹಾಡಿನಿಂದ ನಾಲ್ಕು ಪದಗಳು ಚಿತ್ರದ ಸಮೇತ ಮನಸ್ಸಿಗೆ ಇಳಿಯುತ್ತವೆ. ಚಿತ್ರ ಕಂಡ ಪದ ಬೇಗ ಮರೆಯುವುದಿಲ್ಲ. ಆದರೆ ಚಿತ್ರ ಬಾಗಿಲವರೆಗೆ ಮಾತ್ರ ಕರೆತರುತ್ತದೆ. ಒಳಗೆ ಕರೆದು ಕೂರಿಸುವುದು ಪಕ್ಕದಲ್ಲಿ ಕುಳಿತ ಹಿರಿಯರ ಮಾತು.

ಮುಂದಿನ ಸಲ ಮೆಚ್ಚಿನ ಹಾಡು ಬಂದಾಗ ಒಮ್ಮೆ ಧ್ವನಿ ನಿಲ್ಲಿಸಿ ನೋಡಿ. ಆಮೇಲೆ ಕಣ್ಣು ಮುಚ್ಚಿ ಕೇಳಿ. ಮೂರನೆಯ ಸಲ ಮಕ್ಕಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ.