ಸಂತೆಯ ಯಜಮಾನ ಯಾರು?

"ವಿ.ಪಿ. ಬಂದಿದೆ, ದುಡ್ಡು ಕೊಟ್ಟು ಬಿಡಿಸಿಕೊಳ್ಳಿ" ಎಂದು ಅಂಚೆಯವನು ಬಾಗಿಲಲ್ಲಿ ನಿಂತು ಕೂಗಿದ್ದು ನಡುವಯಸ್ಸು ದಾಟಿದ ಓದುಗರಿಗೆ ನೆನಪಿರಬಹುದು. ಪತ್ರಿಕೆಯ ಜಾಹೀರಾತು ನೋಡಿ ಒಂದು ಕಾರ್ಡು ಬರೆದು ಹಾಕಿದರೆ ಸಾಕಿತ್ತು. ಪುಸ್ತಕವೋ, ಕೇಶತೈಲವೋ, ಕೈಗಡಿಯಾರವೋ ಹಳ್ಳಿಯ ಮನೆಗೂ ಬಂದು ತಲುಪುತ್ತಿತ್ತು. ಹಣ ಎಣಿಸಿಕೊಟ್ಟ ಮೇಲೆಯೇ ಪೊಟ್ಟಣ ಕೈಗೆ. ಆ ಹಣವನ್ನು ಅಂಚೆ ಇಲಾಖೆ ಮನಿಯಾರ್ಡರ್ ಮಾಡಿ ಮಾರಿದವನಿಗೆ ತಲುಪಿಸುತ್ತಿತ್ತು. ಭಾರತದಲ್ಲಿ ಈ ವಿ.ಪಿ.ಪಿ. ಪದ್ಧತಿ ಶುರುವಾದದ್ದು 1877ರಲ್ಲಿ. ಇಂದು ಮೊಬೈಲಿನಲ್ಲಿ ಚಪ್ಪಲಿಯಿಂದ ಹಿಡಿದು ಚಿನ್ನದವರೆಗೆ ತರಿಸಿಕೊಳ್ಳುವ ನಾವು 'ಕ್ಯಾಶ್ ಆನ್ ಡೆಲಿವರಿ' ಎಂಬ ಗುಂಡಿ ಒತ್ತಿದಾಗ ಮಾಡುವುದು ಹೆಚ್ಚುಕಡಿಮೆ ಅದನ್ನೇ.

ಇ-ಕಾಮರ್ಸ್ ಎಂದೊಡನೆ ಕಂಪ್ಯೂಟರಿನ ಮಾತು ಬರುತ್ತದೆ. ಆದರೆ ಅದರ ಮೂಲ ತೊಡಕು ಕಂಪ್ಯೂಟರಿನದಲ್ಲ, ನಂಬಿಕೆಯದು. ಊರಿನ ದಿನಸಿ ಅಂಗಡಿಯಲ್ಲಿ ಬೇಳೆಯನ್ನು ಕೈಯಲ್ಲಿ ಹಿಡಿದು ನೋಡುತ್ತೇವೆ, ತೂಗಿಸುತ್ತೇವೆ, ಹಣ ಕೊಡುತ್ತೇವೆ. ಎಲ್ಲವೂ ಒಂದೇ ಗಳಿಗೆಯಲ್ಲಿ, ಮುಖ ಪರಿಚಯದ ನಡುವೆ ಮುಗಿಯುತ್ತದೆ. ದೂರದ ವ್ಯಾಪಾರದಲ್ಲಿ ಈ ಗಳಿಗೆ ಒಡೆದು ಮೂರಾಗುತ್ತದೆ: ಬೇಡಿಕೆ ಒಂದು ದಿನ, ಹಣ ಇನ್ನೊಂದು ದಿನ, ಸರಕು ಮತ್ತೊಂದು ದಿನ. ಮೊದಲು ಹಣ ಕೊಟ್ಟವನಿಗೆ ಸರಕು ಬಾರದ ಭಯ, ಮೊದಲು ಸರಕು ಕಳಿಸಿದವನಿಗೆ ಹಣ ಬಾರದ ಭಯ. ಇಬ್ಬರ ನಡುವೆ ನಿಂತು ಆ ಭಯವನ್ನು ಕಳೆಯುವವನು ಕೂಲಿ ಕೇಳುತ್ತಾನೆ. ಆಗ ಅಂಚೆ ಇಲಾಖೆ ಕೇಳುತ್ತಿತ್ತು, ಈಗ ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ಕೇಳುತ್ತವೆ. ನಡುವೆ ಯಾರೂ ಬೇಡವೆಂದರೆ ಗಳಗನಾಥರ ದಾರಿಯೇ ಗತಿ. ಅವರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಓದುಗರ ಮನೆಗೇ ಮುಟ್ಟಿಸಿದರೆಂದು ಹೇಳುವುದುಂಟು.

ಅಂತರಜಾಲದ ವ್ಯಾಪಾರಕ್ಕೆ ಎರಡು ಮುಖ್ಯ ಮಾದರಿಗಳಿವೆ. ಎರಡೂ ಅಮೆರಿಕದಲ್ಲಿ ಒಂದೇ ವರ್ಷ ಸಾರ್ವಜನಿಕರಿಗೆ ಬಾಗಿಲು ತೆರೆದವು. 1995ರ ಜುಲೈಯಲ್ಲಿ ಜೆಫ್ ಬೆಜೋಸ್ ಅವರ ಅಮೆಜಾನ್ ಪುಸ್ತಕ ಮಾರತೊಡಗಿತು. ಅದು ಅಂಗಡಿ. ಸರಕನ್ನು ತಾನೇ ಕೊಂಡು, ತನ್ನ ಹೆಸರಿನಲ್ಲೇ ಮಾರುವುದು. ಇದರಲ್ಲೊಂದು ಜಾಣತನವಿತ್ತು. ಗ್ರಾಹಕನ ಹಣ ಇಂದೇ ಬರುತ್ತದೆ, ಪುಸ್ತಕ ಕೊಟ್ಟವರಿಗೆ ಸಲ್ಲಿಸಬೇಕಾದ ಹಣಕ್ಕೆ ವಾಯಿದೆ ಇರುತ್ತದೆ. ನಡುವಿನ ದಿನಗಳಲ್ಲಿ ಪರರ ಹಣದಲ್ಲಿ ವ್ಯಾಪಾರ ನಡೆಯುತ್ತದೆ. ಹಾಗಿದ್ದೂ ಅಮೆಜಾನ್ ಇಡೀ ವರ್ಷದ ಲೆಕ್ಕದಲ್ಲಿ ಲಾಭ ಕಂಡದ್ದು 2003ರಲ್ಲಿ ಎಂಬುದನ್ನು ಮರೆಯಬಾರದು. ಉಗ್ರಾಣ, ಸಾಗಣೆ, ರಿಯಾಯಿತಿಗಳು ಅಷ್ಟು ಹಣ ನುಂಗಿದ್ದವು.

1995ರ ಸೆಪ್ಟೆಂಬರಿನಲ್ಲಿ ಪಿಯರ್ ಒಮಿದ್ಯಾರ್ ಎಂಬ ತರುಣ ಆರಂಭಿಸಿದ, ಮುಂದೆ ಈಬೇ ಎಂದು ಹೆಸರಾದ ತಾಣದ್ದು ಇನ್ನೊಂದು ಮಾದರಿ. ಅಲ್ಲಿ ಮೊದಲು ಹರಾಜಾದ ವಸ್ತು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್, 14 ಡಾಲರ್ 83 ಸೆಂಟ್‌ಗೆ! ಈಬೇಗೆ ಸ್ವಂತ ಸರಕೇ ಇರಲಿಲ್ಲ. ಮಾರುವವರೂ ಕೊಳ್ಳುವವರೂ ಹೊರಗಿನವರು. ತಾಣಕ್ಕೆ ಸೇರುವುದು ಶುಲ್ಕ ಮಾತ್ರ. ಇದು ಅಂಗಡಿಯಲ್ಲ, ಸಂತೆ.

ಸಂತೆಯ ಗುಣವೇ ಬೇರೆ. ಅಂಗಡಿಗಳಿವೆಯೆಂದು ಜನ ಬರುತ್ತಾರೆ, ಜನ ಬರುತ್ತಾರೆಂದು ಅಂಗಡಿಗಳು ಬರುತ್ತವೆ. ಒಮ್ಮೆ ಕೂಡಿದ ದನಗಳ ಜಾತ್ರೆಗೆ ಎದುರಾಗಿ ಪಕ್ಕದೂರಿನಲ್ಲಿ ಅದೇ ದಿನ ಇನ್ನೊಂದು ಜಾತ್ರೆ ಹೂಡಿದರೆ ಅಲ್ಲಿಗೆ ಎತ್ತು ಹೊಡೆದುಕೊಂಡು ಹೋಗುವವರು ಯಾರು? ಅಂತರಜಾಲದ ಸಂತೆಗಳು ಮೊದಮೊದಲು ನೂರಾರು ಕೋಟಿ ನಷ್ಟ ಮಾಡಿಕೊಂಡು, ಅರ್ಧ ಬೆಲೆಗೆ ಸರಕು ಕೊಟ್ಟು ಜನ ಕೂಡಿಸುವುದು ಇದಕ್ಕೇ. ಅದು ಔದಾರ್ಯವಲ್ಲ. ಜಾತ್ರೆ ಕೂಡಿದ ಮೇಲೆ ಸುಂಕದ ದರ ಹೇಳುವವರು ತಾವೇ ಎಂಬ ಲೆಕ್ಕಾಚಾರ. ಅಮೆಜಾನ್ ಕೂಡ 2000ದಲ್ಲಿ ಇತರ ವರ್ತಕರಿಗೆ ತನ್ನ ತಾಣದಲ್ಲಿ ಜಾಗ ಬಿಟ್ಟುಕೊಟ್ಟಿತು. ಇಂದು ಅಲ್ಲಿ ಮಾರಾಟವಾಗುವ ವಸ್ತುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನ ವರ್ತಕರವು.

ಕನ್ನಡನಾಡಿಗೆ ಈ ಏರ್ಪಾಡು ಹೊಸದೇನಲ್ಲ. ಸಂತೆಗಳನ್ನೂ ಅಲ್ಲಿನ ಸುಂಕಗಳನ್ನೂ ನಮ್ಮ ಶಾಸನಗಳು ಮತ್ತೆ ಮತ್ತೆ ಹೇಳುತ್ತವೆ. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘ ದಕ್ಷಿಣದ ಉದ್ದಗಲಕ್ಕೂ ವ್ಯಾಪಾರ ಮಾಡಿತು. ಪಟ್ಟಣದ ವ್ಯಾಪಾರಕ್ಕೆ ಹಿರಿಯನಾಗಿದ್ದ 'ಪಟ್ಟಣಸ್ವಾಮಿ'ಯ ಹೆಸರು ಶಾಸನಗಳಲ್ಲಿ ಗೌರವದಿಂದ ಬರುತ್ತದೆ. ಈಗಲೂ ಹಳ್ಳಿಗಳಲ್ಲಿ ವಾರದ ಸಂತೆಯ ಸುಂಕ ಎತ್ತುವ ಹಕ್ಕನ್ನು ಹರಾಜು ಹಾಕುತ್ತಾರೆ. ಗುತ್ತಿಗೆ ಹಿಡಿದವನು ಚೀಟಿ ಹರಿದು ಒಬ್ಬೊಬ್ಬ ಮಾರಾಟಗಾರನಿಂದಲೂ ಇಷ್ಟೆಂದು ವಸೂಲು ಮಾಡುತ್ತಾನೆ. ಆದರೆ ಅವನು ಕೇಳುವುದು ಕೂತ ಜಾಗಕ್ಕೆ ಮಾತ್ರ. ಮೊಬೈಲಿನ ಪಟ್ಟಣಸ್ವಾಮಿ ಮಾರಿದ ವಸ್ತುವಿನ ಮೇಲೂ ಕಮಿಷನ್ ಕೇಳುವುದುಂಟು. ಸಾಗಣೆಗೆ ಬೇರೆ, ಉಗ್ರಾಣಕ್ಕೆ ಬೇರೆ, ಸಾಲಿನಲ್ಲಿ ಮುಂದೆ ಕಾಣಿಸಬೇಕಾದರೆ ಜಾಹೀರಾತಿನ ಹಣ ಬೇರೆ. ಕೊಳ್ಳುವವನಿಂದಲೂ 'ಪ್ರೈಮ್' ಮುಂತಾದ ಹೆಸರಿನಲ್ಲಿ ವಾರ್ಷಿಕ ಚಂದಾ ಎತ್ತುತ್ತಾನೆ.

ಭಾರತದ ಕಥೆಯಲ್ಲಿ ಬೆಂಗಳೂರಿಗೆ ದೊಡ್ಡ ಪಾಲಿದೆ. 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಿತು. ನಾಲ್ಕೇ ವರ್ಷದಲ್ಲಿ, 1999ರಲ್ಲಿ, ಬೆಂಗಳೂರಿನ ಕೆಲವು ಗೆಳೆಯರು ಫ್ಯಾಬ್‌ಮಾರ್ಟ್ ಎಂಬ ಆನ್‌ಲೈನ್ ಮಳಿಗೆ ತೆರೆದರು. ಟೆಲಿಫೋನ್ ತಂತಿಯ ಮೇಲೆ ತೆವಳುವ ಇಂಟರ್‌ನೆಟ್, ಕ್ರೆಡಿಟ್ ಕಾರ್ಡ್ ಇದ್ದವರೋ ಬೆರಳೆಣಿಕೆ. ಅವರು ಕೊನೆಗೆ ಇಟ್ಟಿಗೆ-ಗಾರೆಯ ಅಂಗಡಿಗಳನ್ನೂ ತೆರೆಯಬೇಕಾಯಿತು. ಅದೇ ಗೆಳೆಯರಲ್ಲಿ ಕೆಲವರು 2011ರಲ್ಲಿ ಬಿಗ್‌ಬಾಸ್ಕೆಟ್ ಕಟ್ಟಿದಾಗ ಕಾಲ ಮಾಗಿತ್ತು. ನಡುವೆ ಸಾಮಾನ್ಯ ಭಾರತೀಯನಿಗೆ ಆನ್‌ಲೈನ್ ಖರೀದಿಯ ಅಕ್ಷರಾಭ್ಯಾಸ ಮಾಡಿಸಿದ್ದು, ನನ್ನ ಅಭಿಪ್ರಾಯದಲ್ಲಿ, ರೈಲು. 2002ರಲ್ಲಿ ಐ.ಆರ್.ಸಿ.ಟಿ.ಸಿ. ತಾಣದಲ್ಲಿ ಟಿಕೆಟ್ ದೊರೆಯತೊಡಗಿತು. ಮರುವರ್ಷ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ವಿಮಾನದ ಟಿಕೆಟ್ಟನ್ನೂ ಅಲ್ಲಿಗೆ ತಂದಿತು. ಟಿಕೆಟ್ಟನ್ನು ಮುಟ್ಟಿ ನೋಡಬೇಕಿಲ್ಲ, ಅಳತೆ ಹೊಂದದೆಂಬ ಭಯವಿಲ್ಲ.

2007ರ ಅಕ್ಟೋಬರಿನಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಕೋರಮಂಗಲದಲ್ಲಿ ಫ್ಲಿಪ್‌ಕಾರ್ಟ್ ಆರಂಭಿಸಿದರು. (ಇಬ್ಬರೂ ಅಣ್ಣತಮ್ಮಂದಿರಲ್ಲ, ಹೆಸರು ಮಾತ್ರ ಒಂದು.) ಮೊದಲ ಬೇಡಿಕೆ ಬಂದದ್ದು ಆಂಧ್ರದ, ಈಗ ತೆಲಂಗಾಣದಲ್ಲಿರುವ, ಮೆಹಬೂಬ್‌ನಗರದಿಂದ, ಒಂದು ಇಂಗ್ಲಿಷ್ ಪುಸ್ತಕಕ್ಕೆ. ಪುಸ್ತಕ ಅವರ ಬಳಿ ಇರಲಿಲ್ಲ; ಬೆಂಗಳೂರಿನ ಅಂಗಡಿಗಳಲ್ಲಿ ಹುಡುಕಿ ತಂದು ಕಳುಹಿಸಿದರು. ಆದರೆ ವ್ಯಾಪಾರಕ್ಕೆ ನಿಜವಾದ ತಿರುವು ಸಿಕ್ಕಿದ್ದು 2010ರಲ್ಲಿ, ಬಾಗಿಲಿನಲ್ಲಿ ಹಣ ಪಡೆಯುವ ವ್ಯವಸ್ಥೆ ಬಂದಾಗ. ಅಮೆರಿಕದ ಮಾದರಿಗೆ 1877ರ ವಿ.ಪಿ.ಪಿ.ಯನ್ನು ಕಸಿ ಕಟ್ಟಿದ ಮೇಲೆಯೇ ಗಿಡ ಇಲ್ಲಿ ಚಿಗುರಿತು. ವಿಳಾಸ ಹುಡುಕಲು ನೆರವಾದದ್ದೂ ಅಂಚೆಯವರ ಆಸ್ತಿಯೇ, 1972ರ ಪಿನ್‌ಕೋಡ್. 2016ರಲ್ಲಿ ಬಂದ ಯು.ಪಿ.ಐ. ಹಣದ ತೊಡಕನ್ನು ಇನ್ನಷ್ಟು ಬಿಡಿಸಿತು. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಸುಮಾರು 1,600 ಕೋಟಿ ಡಾಲರ್ ಕೊಟ್ಟು ಫ್ಲಿಪ್‌ಕಾರ್ಟಿನ ಶೇ 77ರಷ್ಟು ಪಾಲನ್ನು ಕೊಂಡಿತು.

ಇಲ್ಲಿಂದ ಮುಂದೆ ಅಂಗಡಿ ಮತ್ತು ಸಂತೆಯ ವ್ಯತ್ಯಾಸ ಬರಿಯ ಪಾಠವಾಗಿ ಉಳಿಯುವುದಿಲ್ಲ, ಜಗಳವಾಗುತ್ತದೆ. ನಮ್ಮ ಸರ್ಕಾರದ ನಿಯಮ ಹೀಗಿದೆ: ವಿದೇಶಿ ಬಂಡವಾಳ ಪಡೆದ ಕಂಪನಿ ಆನ್‌ಲೈನ್ ಸಂತೆ ನಡೆಸಬಹುದು, ತಾನೇ ದಾಸ್ತಾನು ಇಟ್ಟುಕೊಂಡು ನೇರವಾಗಿ ಗ್ರಾಹಕನಿಗೆ ಮಾರುವಂತಿಲ್ಲ. ಊರಿನ ಸಣ್ಣ ಅಂಗಡಿಗಳನ್ನು ಉಳಿಸುವುದು ಉದ್ದೇಶ. 2016ರ ಮಾರ್ಚಿನಲ್ಲಿ ಈ ಭೇದವನ್ನು ಸ್ಪಷ್ಟವಾಗಿ ಬರೆಯಲಾಯಿತು. ಸಂತೆಯ ಯಜಮಾನ ಹೊರಗಿನಿಂದ ಸುಂಕ ಎತ್ತುತ್ತಾ, ತನ್ನ ನಂಟು ಇರುವ ಕಂಪನಿಯನ್ನು ಒಳಗೆ ಮಳಿಗೆ ಹಾಕಿಸಿ ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿ ಕೂರಿಸಿದರೆ? ಅಂಥ ಕಂಪನಿ ಸಂತೆಯಲ್ಲಿ ಮಾರುವಂತಿಲ್ಲ ಎಂದು 2018ರ ಡಿಸೆಂಬರಿನ ಆದೇಶ ಹೇಳಿತು. 2019ರ ಫೆಬ್ರವರಿ 1ರಿಂದ ಜಾರಿಯಾಯಿತು. 2020ರ ಜನವರಿಯಲ್ಲಿ, ದೆಹಲಿಯ ವರ್ತಕರ ಒಕ್ಕೂಟವೊಂದರ ದೂರಿನ ಮೇಲೆ, ಭಾರತೀಯ ಸ್ಪರ್ಧಾ ಆಯೋಗ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಕುರಿತು ತನಿಖೆಗೆ ಆದೇಶಿಸಿತು. ಕೆಲವೇ ಮಾರಾಟಗಾರರಿಗೆ ಒಲವು ತೋರುತ್ತಿವೆ ಎಂಬುದು ದೂರಿನ ಸಾರ. ಕಂಪನಿಗಳು ಕರ್ನಾಟಕ ಹೈಕೋರ್ಟಿಗೆ ಬಂದವು. 2021ರಲ್ಲಿ ಹೈಕೋರ್ಟು ತನಿಖೆಯನ್ನು ತಡೆಯಲು ಒಪ್ಪಲಿಲ್ಲ.

ಸಣ್ಣ ಮಾರಾಟಗಾರನ ಮಟ್ಟಿಗೆ ಇದರ ಅರ್ಥವೇನು? ಇಳಕಲ್ಲಿನ ನೇಕಾರನೊಬ್ಬ ತನ್ನ ಸೀರೆಯನ್ನು ಇಂಥ ಸಂತೆಯಲ್ಲಿ 1,500 ರೂಪಾಯಿಗೆ ಇಟ್ಟನೆನ್ನಿ. ಅಂಕಿಗಳು ಲೆಕ್ಕ ತಿಳಿಯಲೆಂದು ನಾನು ಹಾಕಿಕೊಂಡವು, ದರ ತಾಣದಿಂದ ತಾಣಕ್ಕೆ ಬೇರೆಯಾಗುತ್ತದೆ. ಶೇ 15ರಂತೆ ಕಮಿಷನ್ 225 ರೂಪಾಯಿ. ಸಾಗಣೆಗೆ 90. ಹುಡುಕಿದವರಿಗೆ ಸೀರೆ ಮೊದಲ ಪುಟದಲ್ಲೇ ಕಾಣಲೆಂದು ಜಾಹೀರಾತಿಗೆ 50. ಒಟ್ಟು 365 ರೂಪಾಯಿಯ ಈ ಸೇವೆಗಳ ಮೇಲೆ ಶೇ 18ರ ಜಿ.ಎಸ್.ಟಿ. ಸುಮಾರು 66. ಕೈಗೆ ಉಳಿದದ್ದು 1,069. ನೂಲು, ಬಣ್ಣ, ಕೂಲಿಗಳಿಗೆ 900 ಖರ್ಚಾಗಿದ್ದರೆ ಲಾಭ 169 ರೂಪಾಯಿ. ಸೀರೆಯ ಮೇಲಿನ ತೆರಿಗೆಯನ್ನು ಇಲ್ಲಿ ಬದಿಗಿಟ್ಟಿದ್ದೇನೆ. ಈಗ ಕೊಂಡವರು 'ಫೋಟೋದಲ್ಲಿ ಕಂಡ ಬಣ್ಣ ಇದಲ್ಲ' ಎಂದು ವಾಪಸು ಕಳಿಸಿದರೆನ್ನೋಣ. ಹೋಗುವ ಬರುವ ಸಾಗಣೆಯನ್ನು ಅವನೇ ಹೊರಬೇಕಾಗಿ ಬಂದರೆ 180 ರೂಪಾಯಿ ಹೋಯಿತು. ಒಂದು ವಾಪಸಾತಿ ಇನ್ನೊಂದು ಸೀರೆಯ ಲಾಭವನ್ನು ಪೂರ್ತಿ ತಿಂದು ಮೇಲೆ 11 ರೂಪಾಯಿ ಸಾಲ ಹೇಳುತ್ತದೆ. ವಿ.ಪಿ.ಪಿ. ಕಾಲದ ಪ್ರಕಾಶಕರಿಗೂ ಇದೇ ಕೊರಗು ಇತ್ತು: ಕಾರ್ಡು ಬರೆದು ತರಿಸಿಕೊಂಡವರು ಅಂಚೆಯವನು ಬಂದಾಗ 'ಬೇಡ' ಎಂದುಬಿಡುತ್ತಿದ್ದರು.

ಹಾಗೆಂದು ಸಂತೆಯಿಂದ ನೇಕಾರನಿಗೆ ಕೇಡೇ ಎಂದರೆ ತಪ್ಪಾದೀತು. ಊರಿನ ಸಾಹುಕಾರನಿಗೊಬ್ಬನಿಗೇ ಮಾರಬೇಕಾಗಿದ್ದವನ ಸೀರೆ ಈಗ ಗುವಾಹಟಿಯಲ್ಲೂ ಕಾಣುತ್ತದೆ. ಜಿ.ಎಸ್.ಟಿ. ನೋಂದಣಿ ಇಲ್ಲದ ಸಣ್ಣವರು ಕೂಡ 2023ರ ಅಕ್ಟೋಬರ್ 1ರಿಂದ ತಮ್ಮ ರಾಜ್ಯದೊಳಗೆ ಇಂಥ ತಾಣಗಳಲ್ಲಿ ಸರಕು ಮಾರಬಹುದು. ತೊಂದರೆ ಇರುವುದು ಗ್ರಾಹಕರ ಪಟ್ಟಿ ಯಾರ ಕೈಯಲ್ಲಿದೆ ಎಂಬಲ್ಲಿ. ದಿನಸಿ ಅಂಗಡಿಯವನಿಗೆ ತನ್ನ ಗಿರಾಕಿಯ ಮನೆಮಂದಿಯೆಲ್ಲ ಗೊತ್ತು. ಆನ್‌ಲೈನಿನಲ್ಲಿ ನೂರು ಸೀರೆ ಮಾರಿದ ನೇಕಾರನಿಗೆ ಆ ನೂರು ಮಂದಿಯನ್ನು ಮತ್ತೆ ಮಾತಾಡಿಸುವ ದಾರಿಯಿಲ್ಲ. ಅವರು ಸಂತೆಯ ಗಿರಾಕಿಗಳು, ಅವನ ಗಿರಾಕಿಗಳಲ್ಲ. ಯಾವ ಬಣ್ಣ ಯಾವ ತಿಂಗಳಲ್ಲಿ ಓಡುತ್ತದೆಂಬ ತಿಳಿವಳಿಕೆ ಕೂಡ ಯಜಮಾನನ ಕಂಪ್ಯೂಟರಿನಲ್ಲೇ ಉಳಿಯುತ್ತದೆ.

ಕೊಳ್ಳುವವರಿಗೆ ಕಾನೂನು ಸ್ವಲ್ಪ ಆಸರೆ ಕೊಟ್ಟಿದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ತಾಣದವರು ಮಾರಾಟಗಾರನ ವಿವರ ಕೊಡಬೇಕು, ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿ ಒಂದು ತಿಂಗಳಲ್ಲಿ ಬಗೆಹರಿಸಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಹೂಡಬಹುದು; ಕಂಪನಿಯ ಕಚೇರಿ ಇರುವ ಊರಿಗೆ ಅಲೆಯಬೇಕಿಲ್ಲ.

ಸುಂಕದ ಬಗೆಯನ್ನೇ ಬದಲಿಸುವ ಒಂದು ಪ್ರಯೋಗ ಬೆಂಗಳೂರಿನ ಆಟೋಗಳಲ್ಲಿ ನಡೆಯಿತು. 2022ರ ನವೆಂಬರಿನಲ್ಲಿ ಬಂದ 'ನಮ್ಮ ಯಾತ್ರಿ' ಪ್ರತಿ ಬಾಡಿಗೆಯಲ್ಲೂ ಕಮಿಷನ್ ಮುರಿದುಕೊಳ್ಳುವುದನ್ನು ಬಿಟ್ಟಿತು. ಮರುವರ್ಷ ಚಾಲಕನಿಂದ ದಿನಕ್ಕೆ 25 ರೂಪಾಯಿ ಚಂದಾ ಪಡೆಯತೊಡಗಿತು. ಹಳ್ಳಿಯ ಸಂತೆಯ ಚೀಟಿಯಂತೆಯೇ ಇದು. ಊಬರ್ ಸಹ 2025ರ ಫೆಬ್ರವರಿಯಲ್ಲಿ ಆಟೋಗಳ ಮಟ್ಟಿಗೆ ಚಂದಾ ಪದ್ಧತಿಗೆ ಬಂತು.

ಇದಕ್ಕಿಂತ ದೊಡ್ಡ ಪ್ರಯೋಗ ಓ.ಎನ್.ಡಿ.ಸಿ. ಕೇಂದ್ರ ಸರ್ಕಾರದ ಪ್ರೋತ್ಸಾಹದಿಂದ 2021ರ ಕೊನೆಯಲ್ಲಿ ಸ್ಥಾಪನೆಯಾದ ಈ ಸಂಸ್ಥೆ 2022ರ ಸೆಪ್ಟೆಂಬರಿನಲ್ಲಿ ಸಾಮಾನ್ಯ ಗ್ರಾಹಕರಿಗೆ ಮೊದಲು ತೆರೆದುಕೊಂಡದ್ದು ಬೆಂಗಳೂರಿನಲ್ಲೇ. ಇಲ್ಲಿ ಕೊಳ್ಳುವ ಆ್ಯಪ್ ಒಬ್ಬರದು, ಮಾರುವ ಆ್ಯಪ್ ಇನ್ನೊಬ್ಬರದು, ಸಾಗಿಸುವವರು ಮತ್ತೊಬ್ಬರು. ಎಲ್ಲರೂ ಒಂದೇ ಭಾಷೆಯಲ್ಲಿ ಮಾತಾಡುತ್ತಾರೆ ಅಷ್ಟೇ. ಯಾವ ಆ್ಯಪಿನಿಂದ ಹುಡುಕಿದರೂ ಎಲ್ಲ ಆ್ಯಪಿನ ಅಂಗಡಿಗಳೂ ಕಾಣಬೇಕೆಂಬುದು ಇದರ ಉದ್ದೇಶ. ಸಂತೆಗೆ ಒಬ್ಬನೇ ಯಜಮಾನ ಇಲ್ಲದಂತೆ ಮಾಡುವ ಈ ಹಂಚಿಕೆ ಕೇಳಲು ಚೆನ್ನಾಗಿದೆ. ಆದರೆ ಇಳಕಲ್ ಸೀರೆಯ ಬದಲು ಬೇರೆಯದೇನೋ ಬಂದರೆ ಹಿಡಿದು ಕೇಳುವುದು ಯಾರನ್ನು, ನೇಕಾರನನ್ನೋ, ಅವನ ಆ್ಯಪಿನವರನ್ನೋ, ಹೊತ್ತು ತಂದ ಹುಡುಗನನ್ನೋ? ನೀವು ಯಾವ ಆ್ಯಪಿನಲ್ಲಿ ಕೊಂಡಿರೋ ಅಲ್ಲೇ ಮೊದಲು ದೂರು ಕೊಡಿ, ಅವರು ಮುಂದಿನವರಿಗೆ ದಾಟಿಸುತ್ತಾರೆ ಎಂಬುದು ಅಲ್ಲಿನ ವ್ಯವಸ್ಥೆ.