ಅಗಲ ಪರದೆ ಮತ್ತು ಅಮ್ಮನ ಮುಖ

ಮೂವತ್ತೈದು ವರ್ಷ ವೈದ್ಯನಾಗಿದ್ದವನು ನಾನು. ನಿವೃತ್ತನಾದರೂ ಮುಖ ನೋಡಿ ಕಾಯಿಲೆ ಊಹಿಸುವ ಅಭ್ಯಾಸ ಹೋಗಿಲ್ಲ. ಕಳೆದ ಯುಗಾದಿಗೆ ಮಕ್ಕಳು ನಮ್ಮ ಅಮೆರಿಕದ ಮನೆಗೆ 65 ಇಂಚಿನ ಟಿ.ವಿ. ತಂದರು. ಅದರಲ್ಲಿ ಮೊದಲು ಹಾಕಿದ್ದು 1989ರಲ್ಲಿ ಮೈಸೂರಿನಲ್ಲಿ ನಡೆದ ನಮ್ಮ ತಂದೆಯವರ ಷಷ್ಟ್ಯಬ್ದಿಯ ವಿಡಿಯೊ. ಅಮ್ಮನ ಮುಖ ಊದಿಕೊಂಡಂತಿತ್ತು. ಥೈರಾಯ್ಡ್ ತೊಂದರೆ ಆಗಲೇ ಇತ್ತೇ, ನಾನೇ ಗಮನಿಸಲಿಲ್ಲವೇ ಎಂದು ಎದೆ ಧಸಕ್ಕೆಂದಿತು. ಪಕ್ಕದಲ್ಲಿದ್ದ ಸಣಕಲು ಪುರೋಹಿತರೂ ದುಂಡಗಾಗಿರುವುದನ್ನು ಕಂಡ ಮೇಲೆ ನೆಮ್ಮದಿಯಾಯಿತು. ದೋಷ ಇದ್ದದ್ದು ಟಿ.ವಿ.ಯಲ್ಲಿ.

ಹಳೆಯ ಟಿ.ವಿ.ಯ ಆಕಾರ 4:3, ಅಂದರೆ ಅಗಲ ನಾಲ್ಕು ಪಾಲು, ಎತ್ತರ ಮೂರು ಪಾಲು. 1890ರ ದಶಕದಲ್ಲಿ ಎಡಿಸನ್ನರ ಪ್ರಯೋಗಶಾಲೆಯಲ್ಲಿ ಡಿಕ್ಸನ್ ರೂಪಿಸಿದ 35 ಮಿ.ಮೀ. ಫಿಲ್ಮಿನ ಅಳತೆ ಇದು. ಟಿ.ವಿ.ಯೂ ಅದನ್ನೇ ಅನುಸರಿಸಿತು. ದೂರದರ್ಶನದಲ್ಲಿ ನಾವು ನೋಡಿದ ‘ಮಾಲ್ಗುಡಿ ಡೇಸ್’ ಸಹ ಇದೇ ಆಕಾರದ್ದು. ಟಿ.ವಿ.ಯ ಪೈಪೋಟಿ ಎದುರಿಸಲು ಹಾಲಿವುಡ್ 1953ರಲ್ಲಿ ಸಿನಿಮಾಸ್ಕೋಪ್ ತಂದಿತು. ಈ ಎರಡಕ್ಕೂ ಹೊಂದುವ ಮಧ್ಯದ ಆಕಾರವಾಗಿ 1980ರ ದಶಕದಲ್ಲಿ ಕರ್ನ್ಸ್ ಪವರ್ಸ್ ಎಂಬ ಎಂಜಿನಿಯರ್ ಸೂಚಿಸಿದ್ದೇ ಇಂದಿನ 16:9.

ಟಿ.ವಿ.ಯನ್ನು ಮೂಲೆಯಿಂದ ಮೂಲೆಗೆ ಅಳೆಯುತ್ತಾರೆ. ಆದ್ದರಿಂದ ಇಂಚು ಒಂದೇ ಆದರೂ ಅಗಲ ಪರದೆಯ ಎತ್ತರ ಕಡಿಮೆ. ಹಳೆಯ 27 ಇಂಚಿನ ಟಿ.ವಿ.ಯಷ್ಟೇ ಎತ್ತರ ಬೇಕಾದರೆ ಅಗಲ ಪರದೆ 33 ಇಂಚಿನದಾಗಬೇಕು. ಹೊಸದಾಗಿ ಕೊಳ್ಳುವವರು ಇಷ್ಟು ಲೆಕ್ಕ ಹಾಕಿದರೆ ಸಾಕು. ಸಿನಿಮಾ, ಕ್ರಿಕೆಟ್ ಎಲ್ಲಕ್ಕೂ ಈಗ ಅಗಲ ಪರದೆಯೇ ಸರಿ.

ಹಳೆಯ ಚಿತ್ರವನ್ನು ಅದರಲ್ಲಿ ಮೂರು ರೀತಿಯಲ್ಲಿ ನೋಡಬಹುದು. ಹಿಗ್ಗಿಸಿದರೆ ಮುಖಗಳು ಮೂರನೇ ಒಂದು ಪಾಲು ಅಗಲವಾಗುತ್ತವೆ. ಝೂಮ್ ಮಾಡಿದರೆ ಮೇಲೆ ಕೆಳಗೆ ಸೇರಿ ಕಾಲು ಭಾಗ ಕತ್ತರಿಸಿಹೋಗುತ್ತದೆ. ರಿಮೋಟಿನಲ್ಲಿ 4:3 ಆರಿಸಿದರೆ ಎರಡು ಬದಿಗೆ ಕಪ್ಪು ಪಟ್ಟಿ ಬಂದರೂ ಚಿತ್ರ ಇದ್ದಂತೆಯೇ ಇರುತ್ತದೆ. ಪರದೆ ಖಾಲಿ ಬಿಟ್ಟೆವೆಂದು ಕೊರಗಬೇಡಿ. 65 ಇಂಚಿನ ಪರದೆಯಲ್ಲಿ ಆಗಲೂ 53 ಇಂಚಿನ ಚಿತ್ರ ಸಿಗುತ್ತದೆ.

ರಿಮೋಟಿನ ತಪ್ಪನ್ನು ತಿದ್ದಬಹುದು. ತಿದ್ದಲಾಗದ ತಪ್ಪೊಂದು ನಮ್ಮ ಮನೆಯಲ್ಲಿ ನಡೆಯಿತು. ತಂಗಿಯ ಮದುವೆಯ ಟೇಪನ್ನು ಡಿಜಿಟಲ್ ಮಾಡಲು ಒಂದು ಅಂಗಡಿಗೆ ಕೊಟ್ಟಿದ್ದೆ. ಪರದೆ ತುಂಬಲೆಂದು ಅವರು ಚಿತ್ರವನ್ನು ಕತ್ತರಿಸಿಯೇ ಉಳಿಸಿದ್ದರು. ಧಾರೆ ಎರೆಯುವಾಗ ಹಿಂದೆ ನಿಂತಿದ್ದ ಅಜ್ಜಿಯ ತಲೆಯೇ ಇಲ್ಲ. ಮೂಲ ಟೇಪಿಗೆ ಅಷ್ಟರಲ್ಲಿ ಬೂಷ್ಟು ಹಿಡಿದಿತ್ತು. ಅಜ್ಜಿಯದು ಬೇರೆ ವಿಡಿಯೊ ನಮ್ಮಲ್ಲಿಲ್ಲ.

ನಿಮ್ಮ ಬೇಸ್‌ಮೆಂಟಿನಲ್ಲೂ ಇಂಥ ಟೇಪುಗಳಿರಬಹುದು. ಅಂಗಡಿಗೆ ಕೊಡುವಾಗ ‘4:3 ಆಕಾರದಲ್ಲೇ ಇರಲಿ, ಕತ್ತರಿಸಬೇಡಿ’ ಎಂದು ಬರೆದುಕೊಡಿ. ಪ್ರತಿ ನೋಡಿ ತೃಪ್ತಿಯಾಗುವವರೆಗೆ ಮೂಲ ಟೇಪನ್ನು ಎಸೆಯಬೇಡಿ.

ಅಂದು ಮೊಮ್ಮಗಳು ರಿಮೋಟ್ ಒತ್ತಿ ಆಕಾರ ಸರಿಪಡಿಸಿದಳು. ಎರಡು ಕಪ್ಪು ಪಟ್ಟಿಗಳ ನಡುವೆ ಅಮ್ಮ ಮೊದಲಿನ ಹಾಗೆ, ತೆಳ್ಳಗೆ, ನಗುತ್ತ ನಿಂತಿದ್ದಳು.